ಬೆಲ್ಟಿಗೆ ನಾನು ಕೊರೆದ ತೂತು

ಇಲ್ಲ ಕೋಚ್ ಸರ್, ಶನಿವಾರ ಬೆಳಿಗ್ಗೆ ಎಲ್ಲಾ ದಿನದ ಹಾಗೇ ಇತ್ತು. ಎರಡು ಮೊಟ್ಟೆ ಬೇಯಿಸಿದ್ದೆ, ಅವಳು ಮೂರು ಕೇಳಿದಳು. ಜಡೆ ನಾನೇ ಹಾಕಿದೆ. "ಅಕ್ಕಾ, ಜಡೆ ಹಾಕ್ತಿದ್ದೀಯೋ, ಕೂದಲು ಕೀಳ್ತಿದ್ದೀಯೋ?" ಅಂದಳು. ಅಷ್ಟೇ. ಭಾರ ಎತ್ತೋ ಸ್ಪರ್ಧೆಗೆ ಹೊರಟ ತಂಗಿ, ಅವಳ ಹಿಂದೆ ಚೀಲ ಹೊತ್ತ ಅಕ್ಕ. ಮಧ್ಯಾಹ್ನದ ಹೊತ್ತಿಗೆ ಹೀಗಾಗುತ್ತೆ ಅಂತ ನನಗೇನು ಗೊತ್ತು?

ಕೂತ್ಕೊಳ್ಳಿ ಸರ್. ಆ ಕಬ್ಬಿಣದ ತಟ್ಟೆಗಳನ್ನ ಆಮೇಲೆ ಜೋಡಿಸಬಹುದು. ಜಿಮ್ಮಿನಲ್ಲಿ ಈಗ ಯಾರೂ ಇಲ್ಲ, ಹುಡುಗೀರು ಬರೋದು ನಾಲ್ಕಕ್ಕೆ ತಾನೆ? ಹತ್ತೇ ನಿಮಿಷ.

ಇದು ಆ ಬೆಲ್ಟು. ಆಸ್ಪತ್ರೆಯವರು ಅವಳ ಬಟ್ಟೆ ಜೊತೆ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ನೋಡಿ. ಕೈಗೆ ತಗೊಂಡು ನೋಡಿ. ಕಡೇ ತೂತು... ಅದು ಕಂಪನಿಯವರು ಮಾಡಿದ್ದಲ್ಲ. ನಾನು ಮಾಡಿದ್ದು.

ಹೌದು, ನಾನೇ! ಜಾಮಿಟ್ರಿ ಬಾಕ್ಸಿನ ಕೈವಾರದಿಂದ ಗುರುತು ಹಾಕಿ, ಮೊಳೆ ಕಾಯಿಸಿ ಚುಚ್ಚಿದೆ. ಅಂಗಡಿಯವನು ಸೊಂಟದ ಅಳತೆ ಕೇಳಿದ. ನಾನು... ನಾನು ತಂತಿ ಮೇಲೆ ಒಣಗ್ತಿದ್ದ ಅವಳ ಪ್ಯಾಂಟಿಗೆ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದೆ. ಯಾಕೆ ನಗ್ತೀರಿ? ಹದಿನಾಲ್ಕು ವರ್ಷದಿಂದ ಪ್ರತಿ ಜೂನ್‌ನಲ್ಲೂ ನಮ್ಮ ಶಾಲೆ ಮಕ್ಕಳ ಯೂನಿಫಾರ್ಮಿಗೆ ಅಳತೆ ತೆಗೆಯೋಳು ನಾನೇ. ಒಂದು ಚಡ್ಡಿಯೂ ವಾಪಸ್ ಬಂದಿಲ್ಲ. ಬೆಲ್ಟು ಪ್ಯಾಂಟಿನ ಜಾಗದಲ್ಲಿ ಕೂರೋದಲ್ಲ, ಹೊಕ್ಕುಳ ಹತ್ತಿರ ಕೂರೋದು, ಅಲ್ಲಿ ಸುತ್ತಳತೆ ಬೇರೆ ಅಂತ ಹೊಳೆಯಲೇ ಇಲ್ಲ. ಮೂರು ಇಂಚು ದೊಡ್ಡದಾಯ್ತು. ಎಲ್ಲಕ್ಕಿಂತ ಬಿಗಿ ತೂತಿಗೆ ಹಾಕಿದರೂ ಒಳಗೆ ಕೈ ಹೋಗ್ತಿತ್ತು. ಲೆಕ್ಕದ ಟೀಚರ್ ನಾನು! ಮೂರು ಇಂಚು!

ನೀವು ನಗಲಿಲ್ಲ, ಅಲ್ವಾ? ಹಾಗೆ ಅನ್ನಿಸಿತು.

ಬೇರೆದನ್ನೆಲ್ಲ ಸರಿಯಾಗೇ ಆರಿಸಿದ್ದೆ ಸರ್. ಹಿಂದೆ ಅಗಲ, ಮುಂದೆ ಸಣ್ಣ ಇರೋದು ತೋರಿಸಿದ, ಬೇಡ ಅಂದೆ. ಹೊಟ್ಟೆ ಒತ್ತೋದು ಮುಂದೆ, ಅಲ್ಲೇ ಸಣ್ಣಗಿದ್ದರೆ ಯಾವುದಕ್ಕೆ ಒತ್ತಬೇಕು? ಅಂಟಿಸೋ ಪಟ್ಟಿಯ ಬಟ್ಟೆ ಬೆಲ್ಟು ತೋರಿಸಿದ, ಹಗುರ ಅಂದ, ಇವಳ ಭಾರಕ್ಕೆ ಬಿಚ್ಚಿಕೊಳ್ಳುತ್ತೆ ಅಂದೆ. ಸುತ್ತಲೂ ಒಂದೇ ಅಗಲ, ಹತ್ತು ಸೆಂಟಿಮೀಟರ್, ಗಟ್ಟಿ ಚರ್ಮ, ಒಂದೇ ಮುಳ್ಳಿನ ಬಕಲ್. ಅಂಗಡಿಯವನು, "ಮೇಡಂ, ನೀವು ಎಷ್ಟು ಎತ್ತುತ್ತೀರಿ?" ಅಂದ. ನೋಟ್‌ಬುಕ್ ಕಟ್ಟು ಎತ್ತುತ್ತೀನಪ್ಪಾ ಅಂದೆ.

ಎಲ್ಲ ನಿಮ್ಮಿಂದ ಕಲಿತದ್ದೇ. ಸಂಜೆ ಇವಳನ್ನ ಕರೆದುಕೊಂಡು ಹೋಗೋಕೆ ಬಂದಾಗ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ತಿದ್ದೆ. "ಬೆಲ್ಟು ನಿನ್ನ ಬೆನ್ನನ್ನ ಹಿಡಿಯಲ್ಲ ಕಣಮ್ಮ, ಅದು ಗೋಡೆ. ಉಸಿರು ತುಂಬಿ ಹೊಟ್ಟೆಯಿಂದ ಆ ಗೋಡೆಗೆ ಒತ್ತು, ಆಗ ಬೆನ್ನು ಗಟ್ಟಿಯಾಗುತ್ತೆ. ಒತ್ತೋದು ನೀನೇ." ಎಷ್ಟು ಸಲ ಹೇಳಿದ್ದೀರಿ! ನೋಯ್ತಿರೋ ಬೆನ್ನಿಗೆ ಬೆಲ್ಟು ಔಷಧ ಅಲ್ಲ ಅಂತಾನೂ...

ಹೂಂ. ಅದೂ ಹೇಳಿದ್ದಿರಿ.

ಅದಕ್ಕೇ ಕೇಳ್ತಿರೋದು ಸರ್. ತೂತು ಹಿಗ್ಗಿತು, ಬೆಲ್ಟು ಸಡಿಲ ಆಯ್ತು, ಗೋಡೆ ಹೋಯ್ತು, ಬೆನ್ನು ಹೋಯ್ತು. ಹಾಗೇ ಆಗಿರಬೇಕು. ಇದನ್ನ ನೀವು ಅವಳಿಗೆ ಹೇಳಬೇಕು. ಇವತ್ತು ಸಂಜೆ. ನಿಮ್ಮ ಬಾಯಿಂದ.

ಯಾಕೆ ಅಂದರೆ... ಆಪರೇಷನ್ ಆಗಿ ಇವತ್ತಿಗೆ ಆರು ದಿನ. ಎಡಗಾಲಿನ ಪಾದ ಎತ್ತು ಅಂತಾರೆ, ಅವಳು ಹಲ್ಲು ಕಚ್ಚಿ ಎತ್ತುತ್ತಾಳೆ, ಅದು ಏಳಲ್ಲ. ನಿಮ್ಮ ಹುಡುಗೀರು "ಕ್ರೇನ್, ಕ್ರೇನ್" ಅಂತ ಕರೀತಿದ್ದ ಹುಡುಗಿ ಸರ್! ತನ್ನ ಪಾದಾನ ತಾನು ಎತ್ತೋಕಾಗ್ತಿಲ್ಲ. ಅಳೋದಿಲ್ಲ. ಅತ್ತರೆ ತಡೀಬಹುದಿತ್ತು. ಸ್ಪರ್ಧೆಯ ಆ ವಿಡಿಯೋ ಹಾಕಿಸಿಕೊಳ್ತಾಳೆ. ಮೂರನೇ ಪ್ರಯತ್ನ, ಭಾರದ ರಾಡು ಮಂಡಿ ತನಕ ಬರುತ್ತೆ, ನಿಲ್ಲುತ್ತೆ, ಕೆಳಗಿಡ್ತಾಳೆ, ನಿಮ್ಮ ಕಡೆ ತಿರುಗಿ ನಗ್ತಾಳೆ, ಕೂತುಬಿಡ್ತಾಳೆ. ಮತ್ತೆ ಹಾಕು ಅಂತಾಳೆ. "ಅಕ್ಕಾ, ಉಸಿರು ಬೇಗ ಬಿಟ್ಟೆನಾ? ಸೊಂಟ ಮೊದಲು ಎದ್ದಿತಾ? ಎಲ್ಲಿ ತಪ್ಪು ಮಾಡಿದೆ, ನೀನಾದರೂ ನೋಡು." ದಿನಕ್ಕೆ ಇಪ್ಪತ್ತು ಸಲ! ತಪ್ಪು ಹುಡುಕೋದನ್ನ ಅವಳಿಗೆ ಕಲಿಸಿದವಳು ನಾನೇ. ಅಮ್ಮ ಹೋದಾಗ ಅವಳಿಗೆ ಎಂಟು ವರ್ಷ, ನನ್ನ ಮಡಿಲಲ್ಲೇ ಕೂತು ಲೆಕ್ಕ ಮಾಡ್ತಿದ್ದಳು. ಉತ್ತರ ತಪ್ಪಾದರೆ ಅಳಿಸಬೇಡ, ಯಾವ ಸಾಲಿನಲ್ಲಿ ತಪ್ಪಿತು ಹುಡುಕು ಅಂತಿದ್ದೆ. ಈಗ ಹುಡುಕ್ತಾ ಇದ್ದಾಳೆ.

ನಾನು ಹೇಳಿದರೆ ನಂಬಲ್ಲ. ನೀವು ಹೇಳಿದರೆ ನಂಬ್ತಾಳೆ. "ನಿನ್ನ ತಪ್ಪಲ್ಲ, ನಿಮ್ಮಕ್ಕ ಕೊರೆದ ತೂತಿನ ತಪ್ಪು." ಒಂದೇ ಮಾತು ಸರ್. ನನ್ನನ್ನ ಬೈಲಿ, ಮುಖ ನೋಡದೆ ಇರಲಿ, ಪರವಾಗಿಲ್ಲ.

ಏನು ಎಳೆದು ನೋಡ್ತಿದ್ದೀರಿ? ಇನ್ನೂ ಜೋರಾಗಿ ಎಳೀರಿ.

...ಹಿಗ್ಗಿಲ್ಲ. ಗೊತ್ತು. ಮುಳ್ಳು ಅಲ್ಲಾಡದ ಹಾಗೆ ಕೂರುತ್ತೆ. ನಾನೂ ಮನೇಲಿ ಎಳೆದು ನೋಡಿದೆ, ಕಾಲು ಕೊಟ್ಟು ಎಳೆದೆ. ಆದರೆ ಅವಳಿಗೇನು ಗೊತ್ತಾಗುತ್ತೆ? ಒಂಚೂರು ಹರಿದುಬಿಟ್ಟರೆ ಆಯ್ತು. ಇಲ್ಲಿ ಬ್ಲೇಡು ಇಲ್ವಾ?

ಸರಿ, ತೂತು ಬೇಡ. ಹೊಸ ಬೆಲ್ಟಿನ ತಪ್ಪು ಅನ್ನಿ. ಪಳಗಿಸದೇ ಇರೋ ಚರ್ಮವನ್ನ ಸ್ಪರ್ಧೆ ದಿನ ಕಟ್ಟಬಾರದು ಅಂತ ನೀವೇ ಗದರಿದ್ದಿರಿ. ಮೂರೇ ದಿನ ಸಿಕ್ಕಿದ್ದು ಅದಕ್ಕೆ. ನಾನೇನು ಮಾಡಲಿ, ಮಂಗಳವಾರ ಅರ್ಧ ದಿನ ರಜೆ ಹಾಕಿ ಓಡಿ ಹೋಗಿ ತಂದೆ, ಅದಕ್ಕಿಂತ ಬೇಗ ಹೇಗೆ...

ಯಾಕೆ ಹಾಗೆ ನೋಡ್ತೀರಿ?

ಬೆಲ್ಟಿಗೇ ರಜೆ ಹಾಕಿದ್ದು. ಟೀಚರಿಗೆ ರಜೆ ಹಾಕೋ ಹಕ್ಕಿಲ್ವಾ? ಬೆನ್ನು ಹಿಡ್ಕೊಂಡಿದೆ, ಕಾಲು ಜುಮ್ ಅನ್ನುತ್ತೆ ಅಂತಿದ್ದಳು, ಸೋಮವಾರ ಸ್ಕ್ಯಾನ್ ಮಾಡಿಸಿದ್ದೆವು, ನಿಮಗೂ ಗೊತ್ತು. ಬುಧವಾರ ನೀವೇ ಕೇಳಿದಿರಿ, ರಿಪೋರ್ಟ್ ಏನಾಯ್ತು ಟೀಚರ್ ಅಂತ. ಏನಿಲ್ಲ ಸರ್, ಬರೀ ಸ್ನಾಯು ಸೆಳೆತ ಅಂದೆ. ಅವಳಿಗೂ ಅದನ್ನೇ...

ಏನಾದರೂ ಕೇಳಿ. ನೀವು ಕೇಳಬೇಕಾದ್ದನ್ನ ಕೇಳ್ತಾನೇ ಇಲ್ಲ. ರಿಪೋರ್ಟಿನಲ್ಲಿ ನಿಜವಾಗಿ ಏನಿತ್ತು ಅಂತ ಯಾರಾದರೂ ಮೊದಲು ಕೇಳ್ತಾರೆ.

ಆಸ್ಪತ್ರೆಯವರು ಆಗಲೇ ನಿಮಗೆ ಹೇಳಿದರಾ?

...ತಲೆ ಆಡಿಸ್ತೀರಿ. ಹೇಳಿದ್ದಾರೆ.

ಈ ವರ್ಷ ಬಿಟ್ಟರೆ ಅವಳ ವಯಸ್ಸು ಮುಗೀತು ಸರ್. ಮುಂದಿನ ವರ್ಷ ಕಿರಿಯರ ತಂಡಕ್ಕೆ ತಗೊಳ್ಳಲ್ಲ. ಇನ್ನು ನಾಲ್ಕೇ ದಿನ ಅಂದುಕೊಂಡೆ. ನಾಲ್ಕು ದಿನ ಬೆಲ್ಟು ಹಿಡಿದಿಟ್ಟುಕೊಂಡರೆ ಸಾಕು, ಆಮೇಲೆ ಆರು ತಿಂಗಳು ಬೇಕಾದರೂ ಮಲಗಿಸ್ತೀನಿ ಅಂದುಕೊಂಡೆ. ಮಲಗಿದ್ದಾಳೆ.

ಸ್ಕ್ಯಾನಿನ ಫಾರಂ ತುಂಬಿದ್ದು ನಾನು, ನಂಬರ್ ನನ್ನದು. ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳ್ತಿದ್ದೆ, ಫೋನು ಬಂತು, ವರಾಂಡಕ್ಕೆ ಹೋದೆ. ಸ್ಕ್ಯಾನ್ ಸೆಂಟರಿನ ಒಬ್ಬಳು ಹೆಣ್ಣುಮಗಳು. "ಡಿಸ್ಕು ನರವನ್ನ ಒತ್ತುತ್ತಿದೆ, ಇವತ್ತೇ ಡಾಕ್ಟರಿಗೆ ತೋರಿಸಿ, ಅಲ್ಲಿ ತನಕ ಒಂದು ಕೊಡ ನೀರೂ ಎತ್ತಿಸಬೇಡಿ" ಅಂದಳು. ಎರಡು ಸಲ ಹೇಳಿದಳು. ಆಯ್ತಮ್ಮ ಅಂದೆ. ಒಳಗೆ ಬಂದು ಲೆಕ್ಕ ಮುಗಿಸಿದೆ.

ಫೋನಿನಲ್ಲಿ ಆ ಕರೆ ಇನ್ನೂ ಅಳಿಸಿಲ್ಲ, ನೋಡಿ. ಮಂಗಳವಾರ, ಹನ್ನೊಂದು ಇಪ್ಪತ್ತು. ನಲವತ್ತೊಂದು ಸೆಕೆಂಡು.