ಹಳಿಯ ಕೆಳಗಿನ ಮಣ್ಣು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸು ತಗ್ಗಿಗಿಳಿದು ಕುಪ್ಪಳಿಸಿತು. ದಾರಿಯ ಹಳ್ಳಿಯೊಂದರಲ್ಲಿ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ ಕುಂಬಾರ ಅತ್ತೆ-ಸೊಸೆಯರ ಬುಟ್ಟಿಯಲ್ಲಿ ಒಡೆಯದೆ ಉಳಿದಿದ್ದ ಒಂದೇ ಗಡಿಗೆಯೂ ಹೋಳಾಯಿತು.

“ಇದೂ ಹೋತಲ್ರಿ, ಅತ್ತಿ.”

“ರೈಲಿನ್ಯಾಗ ಬುಟ್ಟಿ ತುಂಬ ಒಯ್ದರೂ ಒಂದರ ಒಡೀತಿತ್ತೇನ?”

“ಈಗ ಅದು ನಮ್ಮೂರಾಗ ನಿಲ್ಲಂಗಿಲ್ಲಲ್ರಿ.”

“ಎರಡನೇ ಹಳಿ ಆದ್ರ ಇನ್ನೂ ಹೆಚ್ಚು ಗಾಡಿ ನಿಲ್ಲತಾವು ಅಂದ್ರು ರೈಲ್ವೆದವ್ರು. ನಿಮ್ಮ ಮಾವ ಖರೇ ಅಂತ ನಂಬಿ, ಗಡಿಗಿ ಮಾಡೂ ಮಣ್ಣೆಲ್ಲಾ ಹಳಿ ಬುಡಕ ಹಾಕಾಕ ಕೊಟ್ರು.”

“ಇನ್ನ ಹೊಸಾ ಗಡಿಗಿಗೆ ಮಣ್ಣು?”

“ಎಲ್ಲಿಂದ ತರ್ಲಿ? ಅದರ ಮ್ಯಾಲ ರೈಲು ಓಡಾಕತ್ತಾವು.”

ಬೆಳಗಾವಿ ಬಂತು. ಸೊಸೆ ಹೋಳುಗಳನ್ನು ಕಿಟಕಿಯಾಚೆ ಎಸೆಯಲು ಕೈ ಚಾಚಿದಳು.

“ಒಗೀಬ್ಯಾಡವ್ವಾ. ನಮ್ಮ ಮಣ್ಣು ಇಷ್ಟ ಉಳದೈತಿ.”

ಹೋಳುಗಳನ್ನು ಸೆರಗಿಗೆ ಕಟ್ಟಿಕೊಂಡು ಅತ್ತೆ ಇಳಿದಳು. ಖಾಲಿ ಬುಟ್ಟಿ ಹಿಡಿದು ಸೊಸೆ ಹಿಂದೆ ಹೋದಳು.