ಅಧ್ಯಕ್ಷರು ತಿರಸ್ಕರಿಸಿದ ಒಂದೇ ಅರ್ಜಿ

...ಅದಕ್ಕೇ ಹೇಳಿದ್ದು ತಾಯಿ, ರಾಷ್ಟ್ರಾಧ್ಯಕ್ಷರು ಅಂತ ನೀವು ಕರೆಯಿರಿ, ಪತ್ರಿಕೆಯವರು ಕರೆಯಲಿ. ನನಗೆ ಅವರು ಮೇಷ್ಟ್ರು. ಎಂಟನೇ ತರಗತಿಗೆ ರೇಖಾಗಣಿತ ಕಲಿಸಿದವರು. ನನ್ನ ಕಿವಿ ಹಿಂಡಿದ ಕೈ ಅದು... ಆಮೇಲೆ ಅದೇ ಕೈ ಹತ್ತು ವರ್ಷ ದೇಶದ ಕಾಯಿದೆಗಳಿಗೆಲ್ಲ ಸಹಿ ಹಾಕಿತು. ಆ ಕೈಯ ಪಕ್ಕದಲ್ಲಿ ಕಡತ ಹಿಡಿದು ನಿಂತಿದ್ದ ಆಪ್ತ ಕಾರ್ಯದರ್ಶಿ ನಾನು. ಅವರು ಬರಿಯ ಶಾಸಕರಾಗಿದ್ದ ಕಾಲದಿಂದ ಲೆಕ್ಕ ಹಿಡಿದರೆ ಮೂವತ್ತೊಂದು ವರ್ಷ. ನನ್ನ ಹೆಂಡತಿ ಹೇಳುತ್ತಿದ್ದಳು, ನಿಮಗೆ ಎರಡು ಸಂಸಾರ, ಹಿರಿಯ ಹೆಂಡತಿ ಅಲ್ಲಿರುವವರು ಅಂತ. ನಗಬಹುದು, ಪರವಾಗಿಲ್ಲ.

ನಗುವುದಿಲ್ಲ. ಸರಿ.

ನಿಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ, ಬಾರದೆ ಇರುತ್ತೇನೆಯೇ. ಹತ್ತು ವರ್ಷದಲ್ಲಿ ಇಪ್ಪತ್ತಾರು ಜನ ಕ್ಷಮೆ ಕೇಳಿ ಅರ್ಜಿ ಹಾಕಿದರು, ಇಪ್ಪತ್ತೈದು ಕುತ್ತಿಗೆ ಉಳಿಯಿತು, ನಮ್ಮಣ್ಣನನ್ನು ಒಬ್ಬನನ್ನೇ ಯಾಕೆ ನೇಣಿಗೆ ಕಳಿಸಿದರು ಅಂತ ಬಾಗಿಲಲ್ಲೇ ಕೇಳಿದಿರಿ. ಕೇಳಬೇಕಾದ್ದೇ. ಆದರೆ ಮನುಷ್ಯ ಎಂಥವರು ಅಂತ ತಿಳಿಯದೆ ಉತ್ತರ ಕೇಳಿದರೆ ತಪ್ಪು ತಿಳಿಯುತ್ತೀರಿ. ಟೀ ಆರುತ್ತಿದೆ, ಕುಡಿಯಿರಿ.

ಶಿಕ್ಷಕರ ಮುಷ್ಕರ ಅಂತ ಆಯಿತಲ್ಲ, ನೀವು ಹುಟ್ಟುವ ಮೊದಲು... ಮೇಷ್ಟ್ರು ಅದರ ಮುಂದಾಳು. ಹದಿನಾಲ್ಕು ತಿಂಗಳು ಒಳಗೆ ಹಾಕಿದರು. ಪಕ್ಕದ ಕೋಣೆಯಲ್ಲಿ ನೇಣಿನ ಕೈದಿ. ಒಂದು ಸಂಜೆ ಅವನು ಇವರ ಬಾಚಣಿಗೆ ಕೇಳಿ ಪಡೆದನಂತೆ, ಬೆಳಿಗ್ಗೆ ಕೊಡುತ್ತೇನೆ ಅಂತ. ಬೆಳಿಗ್ಗೆ ಅವನನ್ನು ಕರೆದುಕೊಂಡು ಹೋದರು. ಬಾಚಣಿಗೆ ವಾಪಸು ಬರಲಿಲ್ಲ. ನನ್ನ ಕೈಗೆ ಅಧಿಕಾರ ಬಂದರೆ ಈ ಕೆಲಸ ಮಾಡಿಸುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದರು. ಹೊರಗೆ ಬಂದರು, ಚುನಾವಣೆಗೆ ನಿಂತರು, ನಾನೂರು ಮತದಲ್ಲಿ ಗೆದ್ದರು, ಮಂತ್ರಿಯಾದರು, ಎರಡು ಸಲ ಬಿದ್ದರು, ಮತ್ತೆ ಎದ್ದರು. ಕೊನೆಗೆ ದೊಡ್ಡ ಪಕ್ಷಗಳೆರಡೂ ಕಚ್ಚಾಡಿ, ಈ ಮುದುಕನಾದರೆ ಯಾರ ತಂಟೆಗೂ ಬರುವುದಿಲ್ಲ ಅಂತ ಇವರನ್ನು ತಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದವು.

ಕೂತ ಮೊದಲ ವಾರವೇ ಒಂಬತ್ತು ಅರ್ಜಿ ತರಿಸಿದರು. ಒಂದೊಂದನ್ನೂ ತಾವೇ ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು... ‘ವಯಸ್ಸು ಹತ್ತೊಂಬತ್ತು’, ‘ಸಾಕ್ಷಿ ಒಬ್ಬನೇ’. ಒಂಬತ್ತಕ್ಕೆ ಒಂಬತ್ತೂ ಕ್ಷಮೆ. ಗೃಹ ಇಲಾಖೆಯವರು ಅಡ್ಡಹೆಸರೇ ಇಟ್ಟರು, ಪಾಸು ಮೇಷ್ಟ್ರು ಅಂತ. ಯಾರನ್ನೂ ಫೇಲು ಮಾಡುವುದಿಲ್ಲ ಅಂತ. ಕೇಳಿ ಇವರೂ ನಕ್ಕರು.

ಇನ್ನು ನಿಮ್ಮಣ್ಣನ ಅರ್ಜಿ. ನಿಮ್ಮ ತಾಯಿ ಬರೆದ ನಾಲ್ಕು ಹಾಳೆ. ಓದಿದರು ತಾಯಿ. ಸ್ವತಃ. ಎರಡು ಸಲ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ಓದಿದರು. ಆದರೆ ನಿಮ್ಮಣ್ಣ ಹಚ್ಚಿದ್ದು ಅಂತ ತೀರ್ಪಾದ ಆ ಗಿರಣಿಯ ಬೆಂಕಿಯಲ್ಲಿ ಕಾವಲುಗಾರ ಸತ್ತಿದ್ದನಲ್ಲ... ಅವನಿಗೂ ಹೆಂಡತಿ ಮಕ್ಕಳು... ಮನಸ್ಸು ಕಲ್ಲು ಮಾಡಿಕೊಂಡು...

ಏನದು? ದಾಖಲೆ ಕೊಠಡಿಯಿಂದ ನಕಲು ತಂದಿದ್ದೀರಾ. ಈಗ ಕೇಳಿದವರಿಗೆ ಕೊಡುತ್ತಾರೆ, ಹೌದು. ಇದು ಮೊದಲನೇ ವರ್ಷದ ಒಂದು ಕ್ಷಮೆಯ ಆದೇಶ. ಇದು... ನಿಮ್ಮಣ್ಣನದು, ಐದನೇ ವರ್ಷದ್ದು. ಎರಡೂ ಅವರದೇ ಸಹಿ, ನಾನು ಪ್ರಮಾಣ ಮಾಡುತ್ತೇನೆ. ಬೆರಳು ಅಲ್ಲೇ ಯಾಕೆ ಇಟ್ಟಿದ್ದೀರಿ?

ಓ. ಬಾಲ.

ಹೌದು. ಅದರಲ್ಲಿ ಕೊನೆಯ ಅಕ್ಷರದ ಬಾಲ ಕೆಳಗೆ ಇಳಿದಿದೆ. ಇದರಲ್ಲಿ ಗೋಡೆಗೆ ಬಡಿದ ಹಾಗೆ ನಿಂತುಬಿಟ್ಟಿದೆ, ಗೆರೆ ಎಳೆದ ಹಾಗೆ. ನೀವು ಮುದ್ರಣಾಲಯದಲ್ಲಿ ಕರಡು ತಿದ್ದುವವರು ಅಂದಿರಿ. ನಿಮ್ಮ ಕಣ್ಣಿಗೆ ಬೀಳದೆ ಇರುತ್ತದೆಯೇ.

ಸ್ವಲ್ಪ ನೀರು ಕುಡಿಯುತ್ತೇನೆ.

ಎರಡನೇ ಸಲ ಆರಿಸಿ ಬಂದ ಮೇಲೆ ಅವರ ಕಣ್ಣು ಹೋಯಿತು ಅಂತ ಪ್ರಕಟಿಸಿದೆವು, ಊರೆಲ್ಲ ಅತ್ತಿತು. ಸುಳ್ಳು. ಕಣ್ಣು ಹೋಗಿ ಆಗಲೇ ಎಂಟು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ. ಗೊತ್ತಿದ್ದದ್ದು ಅವರ ಮನೆಯವರಿಗೆ, ಡಾಕ್ಟರಿಗೆ, ನನಗೆ. ಬಾಗಿಲಿನಿಂದ ಕುರ್ಚಿಗೆ ಹದಿನೇಳು ಹೆಜ್ಜೆ, ಎಣಿಸಿ ನಡೆಯುತ್ತಿದ್ದರು. ಒಮ್ಮೆ ರಾಯಭಾರಿ ಅಂತ ಬಾಗಿಲ ಪರದೆಗೆ ಕೈ ಚಾಚಿದರು... ಬಿಡಿ. ಕಡತ ನಾನು ಓದುತ್ತಿದ್ದೆ. ಸಹಿ ಹಾಕುವ ಜಾಗಕ್ಕೆ ಹಿತ್ತಾಳೆ ಸ್ಕೇಲು ಅಡ್ಡ ಇಡುತ್ತಿದ್ದೆ, ಅವರು ಹೆಬ್ಬೆರಳಿನಿಂದ ತಡವಿ ಅದರ ಮೇಲೆ ಬರೆಯುತ್ತಿದ್ದರು. ಬಾಲ ಸ್ಕೇಲಿಗೆ ತಾಗಿ ನಿಲ್ಲುತ್ತಿತ್ತು.

ಇಲ್ಲ, ನಿಮ್ಮ ತಾಯಿಯ ಕಾಗದ ಓದಿದ್ದು ಸುಳ್ಳಲ್ಲ. ಓದಿದವನು ನಾನು, ಅಷ್ಟೇ ವ್ಯತ್ಯಾಸ. ಎರಡನೇ ಹಾಳೆ ಮುಗಿಯುವ ಮೊದಲೇ ಅವರು ಕೈ ಎತ್ತಿ ನಿಲ್ಲಿಸಿದರು. “ಸಾಕಪ್ಪ, ಇವನೂ ಪಾಸು” ಅಂದರು.

ಕೂತುಕೊಳ್ಳಿ ತಾಯಿ. ದಯವಿಟ್ಟು ಕೂತುಕೊಳ್ಳಿ.

ಅಂದರು, ನಾನು ಕೇಳಿಸಿಕೊಂಡೆ. ಅಂಥ ಕಡತದಲ್ಲಿ ಇಲಾಖೆಯವರು ಎರಡು ಆದೇಶ ಬೆರಳಚ್ಚು ಮಾಡಿಸಿ ಇಟ್ಟಿರುತ್ತಾರೆ, ಒಪ್ಪಿದ್ದು ಒಂದು, ತಿರಸ್ಕರಿಸಿದ್ದು ಒಂದು. ಒಂದಕ್ಕೆ ಸಹಿ, ಇನ್ನೊಂದನ್ನು ಹರಿದು ಹಾಕುವುದು. ಐದು ವರ್ಷದಿಂದ ಪಾಸು ಮೇಷ್ಟ್ರು ತಾನೆ, ಒಪ್ಪಿದ್ದನ್ನೇ ಮೇಲೆ ಇಟ್ಟು ಕಳಿಸುತ್ತಿದ್ದರು. ಅವತ್ತು ಅಲ್ಲಿ ಹೊಸ ಗುಮಾಸ್ತ, ನಿಯಮದ ಪ್ರಕಾರ ತಿರಸ್ಕಾರದ್ದು ಮೇಲಿಟ್ಟಿದ್ದ. ಹತ್ತು ನಿಮಿಷದಲ್ಲಿ ಶಾಸಕರ ತಂಡ ಬರುವುದಿತ್ತು, ಅಷ್ಟರೊಳಗೆ ಮೇಷ್ಟ್ರನ್ನು ನಡೆಸಿಕೊಂಡು ಹೋಗಿ ಭೇಟಿಯ ಕೋಣೆಯಲ್ಲಿ ಕೂರಿಸಬೇಕು... ನಾನು ಗಡಿಯಾರ ನೋಡುತ್ತಾ ಮೇಲಿನ ಹಾಳೆಗೆ ಸ್ಕೇಲು ಇಟ್ಟೆ. ಕೆಳಗಿನದನ್ನು ನಾನೇ ಹರಿದೆ.

ಕೈತಪ್ಪು ತಾಯಿ. ಅಭ್ಯಾಸದ ಕೈತಪ್ಪು. ಬೇಕೆಂದು ಮಾಡಿದ್ದಲ್ಲ.

ಹಾಗೆ ನೋಡಬೇಡಿ. ಏನಾದರೂ ಬೈಯಿರಿ, ನಿಮಗೆ ಹಕ್ಕಿದೆ.

ಯಾವಾಗ ಗೊತ್ತಾಯಿತು ಅಂತ ತಾನೆ... ಆಮೇಲೆ. ತುಂಬ ಆಮೇಲೆ. ಎಲ್ಲ ಮುಗಿದ ಮೇಲೆ...

ಇಲ್ಲ. ಅದೇ ಸಂಜೆ. ರವಾನೆ ಪುಸ್ತಕದಲ್ಲಿ ಬರೆಯಲು ಕಡತ ಬಿಚ್ಚಿದಾಗ. ಕಡತ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ನೇಣಿಗೆ ಹನ್ನೆರಡು ದಿನ ಇತ್ತು. ಎರಡನೇ ಚುನಾವಣೆಗೆ ಹನ್ನೊಂದು ವಾರ. ಹೊಸ ಹಾಳೆ ಕೇಳಿದರೆ ಇಲಾಖೆಯವರು ಬಿಡುತ್ತಾರೆಯೇ, ಓದಿ ಸಹಿ ಮಾಡಿದವರಿಗೆ ಇದು ಕಾಣಲಿಲ್ಲವೇ ಅಂತ ಮೊದಲು ಕೇಳುತ್ತಾರೆ. ಮೇಷ್ಟ್ರಿಗೆ ಹೇಳಿದ್ದರೆ ಆ ಕ್ಷಣವೇ, ನಾನು ಕುರುಡ, ನನ್ನದು ತಪ್ಪು ಸಹಿ ಅಂತ ದೇಶಕ್ಕೆಲ್ಲ ಸಾರಿಬಿಡುತ್ತಿದ್ದರು. ಅದು ಗೊತ್ತಿದ್ದರಿಂದಲೇ ಹೇಳಲಿಲ್ಲ. ಅವರ ಕುರ್ಚಿಗಾಗಿ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ... ಅವರ ಕುರ್ಚಿ ಹೋದರೆ ಪಕ್ಕದಲ್ಲಿ ನಿಲ್ಲುವವನ ಜಾಗವೂ ಹೋಗುತ್ತಿತ್ತು.

ಲಕೋಟೆಗೆ ಅರಗು ಹಾಕಿದೆ. ಕಳಿಸಿದೆ.

ಹದಿಮೂರನೇ ದಿನ ಮಧ್ಯಾಹ್ನ ರೇಡಿಯೋದಲ್ಲಿ ವಾರ್ತೆ ಬಂತು, ಒಬ್ಬ ಕೈದಿಗೆ ನೇಣಾಯಿತು ಅಂತ. ಹೆಸರು ಬರುವಷ್ಟರಲ್ಲಿ ನಾನು ಕೆಮ್ಮಿ ಗುಂಡಿ ತಿರುಗಿಸಿದೆ. ಮೇಷ್ಟ್ರ ಮುಖ ಬಿಳಿಚಿತು. ಆ ತಾಯಿ ಬರೆದಿದ್ದಳಲ್ಲ, ಅವಳ ಮಗನೇನಯ್ಯ ಅಂತ ಕೇಳಿದರು. ಅಲ್ಲ, ಇದು ಸೈನ್ಯದ ನ್ಯಾಯಾಲಯದ್ದು, ನಮ್ಮ ತನಕ ಬರುವುದಿಲ್ಲ ಅಂದೆ.

“ಸದ್ಯ” ಅಂದರು. ಊಟಕ್ಕೆ ಎದ್ದರು. ನಾನೇ ಕೈ ಹಿಡಿದು ಕರೆದುಕೊಂಡು ಹೋದೆ.