ಅಪ್ಪ ಹಾಕಿದ ಗೆರೆ

ಪಾರ್ಕಿಂಗ್ ದಂಡದ ವಿರುದ್ಧ ಅರ್ಜಿ ಕೊಡುವ ಕಚೇರಿಯಲ್ಲಿ, ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ವಯಸ್ಸಾದ ಅಪ್ಪ, ಮಗಳು ಕೂತಿದ್ದರು. ಮಗಳ ಕೈಯಲ್ಲಿ ಅರ್ಜಿ, ಪೆನ್ನು.

"ಪಾರ್ಕಿಂಗ್ ಗೆರೆ ಸರಿಯಾಗಿ ಕಾಣಿಸ್ತಿರಲಿಲ್ಲ ಅಂತ ಬರೀಲಾ ಅಪ್ಪಾ?"

"ಬೇಡ. ಆ ಗೆರೆ ನಾನೇ ಹಾಕಿದ್ದು."

"ಹಾಕಿ ಹದಿನೆಂಟು ವರ್ಷ ಆಯ್ತಲ್ಲ."

"ಆದ್ರೇನು? ದಾರ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಎರಡು ಸಲ ಬಣ್ಣ ಬಳಿದಿದ್ದೆ. ನೀನು ಊಟದ ಡಬ್ಬಿ ತಂದವಳು, ಒಣಗೋ ಮುಂಚೆ ತುಳಿದು ಬೈಸಿಕೊಂಡೆ."

"ಚಪ್ಪಲಿ ಬಣ್ಣ ಕೊನೇವರೆಗೂ ಹೋಗಲೇ ಇಲ್ಲ. ಸರಿ, ಎರಡು ಗಾಡಿ ಜಾಗ ಹಿಡಿದಿದೀರಿ ಅಂತ ಯಾಕೆ ದಂಡ ಹಾಕಿದ್ರು?"

"ನಾನು ಗೆರೆ ಒಳಗೇ ನಿಲ್ಲಿಸಿದ್ದೆ. ಮಿಕ್ಕವರೇ ಅಡ್ಡಾದಿಡ್ಡಿ ನಿಲ್ಲಿಸಿದ್ದು."

ಮಗಳು ಅರ್ಜಿಯ ಜೊತೆಗಿದ್ದ, ಗಾಡಿ ನಿಲ್ಲಿಸಿದ್ದ ಜಾಗದ ಫೋಟೋ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬರೀ ಟಾರು."

"ಹೂಂ ಅಪ್ಪಾ."

"ಒಂಚೂರೂ ಉಳಿದಿಲ್ಲ."

ಮಗಳು ಬಗ್ಗಿ ಬರೆದಳು. ಆಮೇಲೆ ಕೊನೆಯ ಎರಡು ಸಾಲು ಮೆಲ್ಲಗೆ ಓದಿ ಹೇಳಿದಳು: "ಗೆರೆ ಸವೆದುಹೋಗಿದೆ. ನಮ್ಮ ತಂದೆ ಅದಿದ್ದ ಜಾಗ ನೆನಪಿಟ್ಟುಕೊಂಡು ಅದರೊಳಗೇ ಗಾಡಿ ನಿಲ್ಲಿಸಿದ್ದಾರೆ."

"ಗೆರೆ ಚೆನ್ನಾಗಿ ಹಾಕಿದ್ರು ಅಂತ ಸೇರಿಸು."

"ಮೊದಲನೇ ಸಾಲೇ ಅದು."

ಅವರ ನಂಬರ್ ಕೂಗಿದರು. ಇಬ್ಬರೂ ಎದ್ದು ಕಿಟಕಿಗೆ ಹೋದರು.

"ಗೆರೆ ಎಲ್ಲಿತ್ತು, ತೋರಿಸಿ," ಅಂದರು ಗುಮಾಸ್ತರು.

ಮಗಳು ಫೋಟೋ ಹಾರದ ಹಾಗೆ ಒತ್ತಿ ಹಿಡಿದಳು. ಅಪ್ಪ ಅದರ ಮೇಲೆ ಬೆರಳಿಟ್ಟು, ಮೇಲಿಂದ ಕೆಳಕ್ಕೆ ನೆಟ್ಟಗೆ ಎಳೆದರು.

"ಕೈ ತೆಗಿ ಪುಟ್ಟಿ, ಇನ್ನೂ ಹಸಿ ಇದೆ."

ಮಗಳು ಕೈ ತೆಗೆದಳು.